ಅವಳು ಅರ್ಧ ಕಲಿತ ಜೀವರಸಾಯನ

ಹೋದ ತಿಂಗಳು ತರೀಕೆರೆಯಲ್ಲಿ ನನ್ನ ಗೆಳತಿ ತೀರಿಕೊಂಡಳು. ಅವಳ ಸೊಸೆ ಫೋನು ಮಾಡಿ ತಿಳಿಸಿದಳು. ನಾನು ಅಜ್ಜಂಪುರದಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಗಂಡಸರು ಮಣ್ಣು ಮಾಡಿ ವಾಪಸ್ಸು ಬಂದಿದ್ದರು. ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ ಹೆಂಗಸರು ಕೂತಿದ್ದರು. ನನಗೂ ಜಾಗ ಮಾಡಿಕೊಟ್ಟರು. ಪಕ್ಕದಲ್ಲಿದ್ದ ಹುಡುಗಿ, ಅಜ್ಜಿಯನ್ನು ದಾದಿ ಎಂದು ಕರೆಯುತ್ತಿದ್ದ ಅವಳ ಮೊಮ್ಮಗಳು, ನನ್ನ ಗುರುತು ಹಿಡಿಯಲಾರದೆ, "ನೀವು ದಾದಿ ಜೊತೆ ಶಾಲೇಲಿ ಓದಿದವ್ರಾ?" ಎಂದು ಕೇಳಿದಳು.

"ಶಾಲೆ ಅಲ್ಲಮ್ಮ, ಕಾಲೇಜು" ಎಂದೆ.

"ದಾದಿ ಕಾಲೇಜಿಗೆ ಹೋಗಿದ್ರಾ?"

ಅವಳು ತಮಾಷೆಗೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸುತ್ತ ಕೂತಿದ್ದವರ ಮುಖ ನೋಡಿದೆ. ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ. ಸಾವಿನ ಮನೆಯಲ್ಲಿ ಕೂತು ಅಷ್ಟೆಲ್ಲ ಹೇಳುವುದಕ್ಕೆ ನನಗೆ ಆಗಲಿಲ್ಲ. ಮನೆಗೆ ಬಂದಮೇಲೆ ಬರೆಯೋಣ ಅನ್ನಿಸಿತು. ನಾನು ಬರೆಯುವವಳಲ್ಲ. ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನೆನಪಿರುವುದನ್ನು ನೆನಪಿರುವ ಹಾಗೆ ಬರೆಯುತ್ತೇನೆ.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಕಡೂರಿನಲ್ಲಿ ಕೆಲವು ವರ್ತಕರು ಸೇರಿ ಒಂದು ಖಾಸಗಿ ಕಾಲೇಜು ನಡೆಸುತ್ತಿದ್ದರು. ಕೆಲವು ವರ್ಷ ನಡೆದು ಅದು ಮುಚ್ಚಿಹೋಯಿತು. ಒಂದು ಕೊಬ್ಬರಿ ಗೋಡೌನಿಗೆ ಸುಣ್ಣ ಹೊಡೆಸಿ, ಉದ್ದಕ್ಕೆ ಬೆಂಚು ಹಾಕಿಸಿ ಲ್ಯಾಬ್ ಮಾಡಿದ್ದರು. ಎಷ್ಟು ತೊಳೆದರೂ ಮಳೆಗಾಲದಲ್ಲಿ ಗೋಡೆಯಿಂದ ಕಮಟು ಕೊಬ್ಬರಿಯ ವಾಸನೆ ಏಳುತ್ತಿತ್ತು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡವರೆಲ್ಲ ಬಯೋಕೆಮಿಸ್ಟ್ರಿಯನ್ನೂ ಒಂದು ವರ್ಷ ಓದಬೇಕು ಎಂದು ಆ ಸಲ ಹೊಸದಾಗಿ ಸೇರಿಸಿದ್ದರು. ಮೇಷ್ಟ್ರು ಮೈಸೂರಿನಲ್ಲಿ ಓದಿ ಬಂದ ಚಿಕ್ಕ ವಯಸ್ಸಿನವರು. ಇಂಗ್ಲಿಷಿನಲ್ಲಿ ಶುರು ಮಾಡಿ, ನಮ್ಮ ಮುಖಗಳನ್ನು ನೋಡಿ, ಕನ್ನಡಕ್ಕೆ ಇಳಿಯುತ್ತಿದ್ದರು. ಕ್ಲಾಸಿನಲ್ಲಿ ಹುಡುಗಿಯರು ನಾವಿಬ್ಬರೇ.

ನಾನು ಅಜ್ಜಂಪುರದಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತುತ್ತಿದ್ದೆ. ಅವಳು ತರೀಕೆರೆಯಿಂದ ಇನ್ನೊಂದು ಗಾಡಿಯಲ್ಲಿ ಬಂದು, ಬೀರೂರಿನಲ್ಲಿ ಇಳಿದು, ಪ್ಲಾಟ್‌ಫಾರಂ ದಾಟಿ ನಮ್ಮ ಗಾಡಿಗೆ ಬರುತ್ತಿದ್ದಳು. ಅಲ್ಲಿಂದ ಕಡೂರಿಗೆ ಸ್ವಲ್ಪವೇ ದೂರ. ಅವಳ ಗಾಡಿ ತಡವಾದ ದಿನ ನಾನು ಬಾಗಿಲಲ್ಲಿ ನಿಂತು ಗಾರ್ಡನ ಕಡೆ ನೋಡುತ್ತಿದ್ದೆ, ಅವನು ಬಾವುಟ ಎತ್ತದಿರಲಿ ಎಂದು. ಅವಳು ಬುರ್ಖಾ ಎತ್ತಿ ಹಿಡಿದು ಓಡಿ ಬರುವುದನ್ನು ಕಂಡು ಗಾರ್ಡ್ ಕೂಡ ನಗುತ್ತಿದ್ದ.

ಮೊದಲ ಪ್ರಾಕ್ಟಿಕಲ್ ಎಂಜಲಿನದು. ಗಂಜಿಯ ನೀರಿಗೆ ಅಯೋಡಿನ್ ಹಾಕಿದರೆ ನೀಲಿಯಾಗುತ್ತದೆ. ಅದೇ ಗಂಜಿಗೆ ಎಂಜಲು ಸೇರಿಸಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟರೆ ಆಮೇಲೆ ಅಯೋಡಿನ್ ಹಾಕಿದರೂ ನೀಲಿಯಾಗುವುದಿಲ್ಲ. ಬಾಯಲ್ಲೇ ಜೀರ್ಣ ಶುರುವಾಗುತ್ತದೆ ಎಂದು ತೋರಿಸುವುದಕ್ಕೆ. ಗಾಜಿನ ಸಾಮಾನು ಕಡಿಮೆಯಿದ್ದುದರಿಂದ ಇಬ್ಬಿಬ್ಬರಿಗೆ ಒಂದು ಟೆಸ್ಟ್‌ಟ್ಯೂಬ್, ಇಬ್ಬರೂ ಅದರಲ್ಲೇ ಉಗುಳಬೇಕು ಎಂದರು ಮೇಷ್ಟ್ರು. ಒಬ್ಬರ ಎಂಜಲಿನ ಲೋಟವನ್ನು ಇನ್ನೊಬ್ಬರು ಮುಟ್ಟದ ಮನೆಗಳಿಂದ ಬಂದವರು ನಾವು.

"ಸಾರ್, ನಾನು ಇವನ ಎಂಜಲು ಮುಟ್ಟಲ್ಲ" ಎಂದ ಒಬ್ಬ.

"ನಿನ್ನೆ ಅವನ ಬೀಡಿ ಇಸ್ಕೊಂಡು ಎಳೀತಿದ್ಯಲ್ಲೋ, ಅದರ ತುದೀಲಿ ಏನಿತ್ತು?" ಎಂದರು ಮೇಷ್ಟ್ರು.

ನಾನು ಟ್ಯೂಬು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಅವಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಉಗುಳಿ, "ತಗೋ, ನಿಂದೂ ಹಾಕು. ಮೈಲಿಗೆ ಆದ್ರೆ ನಂಗೇ ಆಗ್ಲಿ, ಮನೇಲಿ ಕೇಳೋರಿಲ್ಲ" ಎಂದಳು. ನಮ್ಮ ಟ್ಯೂಬು ನೀಲಿಯಾಗಲಿಲ್ಲ. ಆ ದಿನ ಇಡೀ ಕ್ಲಾಸಿನಲ್ಲಿ ಸರಿ ಬಂದದ್ದು ನಮ್ಮದೊಂದೇ. ಮೊಟ್ಟೆಯ ಬಿಳಿಯ ಪ್ರಯೋಗ ಬಂದಾಗಲೂ ಹಾಗೆಯೇ. ನಮ್ಮ ಮನೆಯ ಹೊಸ್ತಿಲೊಳಗೆ ಮೊಟ್ಟೆ ಬಂದದ್ದಿಲ್ಲ. ನಾನು ಅದನ್ನು ಎರಡು ಬೆರಳಲ್ಲಿ ಹಿಡಿದು ನಿಂತಿದ್ದೆ. "ಕೊಡೇ ಇಲ್ಲಿ, ಅದೇನು ಬಾಂಬಾ?" ಎಂದು ಕಿತ್ತುಕೊಂಡು ಬೆಂಚಿನ ಅಂಚಿಗೆ ತಟ್ಟಿ ಒಡೆದಳು. ಆಮೇಲೆ ಹುಡುಗರೂ ತಮ್ಮ ತಮ್ಮ ಮೊಟ್ಟೆಗಳನ್ನು ತಂದು ಅವಳ ಮುಂದೆ ಇಟ್ಟರು. ಆ ಸಂಜೆ ಅವ್ವ ನನ್ನನ್ನು ಹಿತ್ತಲಲ್ಲೇ ನಿಲ್ಲಿಸಿ, ನೀರು ಹೊಯ್ದು ಒಳಗೆ ಕರೆದುಕೊಂಡಳು.

ಅವಳಿಗೆ ಆ ವಿಷಯ ಹಿಡಿಸಿಬಿಟ್ಟಿತ್ತು. ನಾನು ಪರೀಕ್ಷೆಗೆ ಬೇಕು ಎಂದು ಓದುತ್ತಿದ್ದೆ. ಅವಳು ಗಾಡಿಯಲ್ಲಿ ಕೂತಾಗಲೂ ಅದನ್ನೇ ಯೋಚಿಸುತ್ತಿದ್ದಳು. ಎದುರಿಗೆ ಕೂತ ಮುದುಕಿ ಎಲೆಅಡಿಕೆ ಜಗಿಯುತ್ತಿದ್ದರೆ, "ಸುಣ್ಣ ಹಾಕ್ಕೊಂಡ್ರೆ ಎಂಜಲು ಕೆಲ್ಸ ಮಾಡುತ್ತಾ ಇಲ್ವಾ? ನಾಳೆ ಮೇಷ್ಟ್ರನ್ನ ಕೇಳ್ತೀನಿ" ಎನ್ನುವಳು. ಕೇಳಿಯೂ ಕೇಳುವಳು. ಮೇಷ್ಟ್ರು ಎಷ್ಟೋ ಸಲ, "ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ" ಎಂದದ್ದುಂಟು. ಪರೀಕ್ಷೆ ಮುಗಿದ ಮೇಲೆ ಮೈಸೂರಿಗೆ ಹೋಗಿ ಇದನ್ನೇ ಮುಂದೆ ಓದು ಎಂದು ಅವರೇ ಅವಳಿಗೆ ಹೇಳಿದ್ದರು. ಅವಳು ಅದನ್ನು ಮನೆಯಲ್ಲಿ ಇನ್ನೂ ಹೇಳಿರಲಿಲ್ಲ.

ಹೇಳುವುದು ಸುಲಭವಿರಲಿಲ್ಲ. ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ತಂದೆ ತರೀಕೆರೆಯ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟುಕೊಂಡಿದ್ದರು. ಸೈಕಲ್ ಬಾಡಿಗೆ, ಪಂಕ್ಚರ್, ರಿಪೇರಿ. ಮನೆ ನಡೆಸುತ್ತಿದ್ದವರು ತಂದೆಯ ಅಕ್ಕ. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದು, ಇವಳನ್ನು ಸಾಕಿದವರು. ಅವರನ್ನು ಇವಳು ಫುಪ್ಪು ಎಂದು ಕರೆಯುತ್ತಿದ್ದಳು. ಇವಳಿಗೆ ಮದುವೆಯಾಗಬೇಕು ಎನ್ನುವುದೊಂದೇ ಫುಪ್ಪುವಿನ ಮಾತು. ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸದಲ್ಲಿ ಮೆಕ್ಯಾನಿಕ್ ಆಗಿದ್ದ ಹುಡುಗನನ್ನು ಆಗಲೇ ನೋಡಿಟ್ಟಿದ್ದರು. "ಓದು ಮುಗೀಲಿ ಆಪಾ" ಎಂದು ತಂದೆ ಅಕ್ಕನಿಗೆ ಹೇಳಿ ಅಡ್ಡ ನಿಂತಿದ್ದರು. ಆ ಮನೆಯಲ್ಲಿ ಅವಳ ಕಾಲೇಜು ಅವರೊಬ್ಬರ ಮಾತಿನ ಮೇಲೆ ನಿಂತಿತ್ತು.

ದಸರೆಯ ರಜ ಮುಗಿದ ಮೇಲೆ ಮೂತ್ರಪರೀಕ್ಷೆ ಬಂತು. ನೀಲಿ ದ್ರಾವಣಕ್ಕೆ ಕೆಲವು ಹನಿ ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಇದ್ದರೆ ಎಷ್ಟಿದೆಯೋ ಅದರ ಮೇಲೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಮನೆಯಿಂದ ಒಬ್ಬೊಬ್ಬರೂ ಒಂದು ಸೀಸೆ ತರಬೇಕು ಎಂದರು. ಮೊದಲ ವಾರವೇ ಒಬ್ಬ ಹುಡುಗ ಮೇಷ್ಟ್ರನ್ನು ಹೆದರಿಸೋಣ ಎಂದು ಸೀಸೆಗೆ ಎರಡು ಚಮಚ ಸಕ್ಕರೆ ಬೆರೆಸಿಕೊಂಡು ಬಂದ. ಕಾಯಿಸಿದ, ಕಾಯಿಸಿದ, ಟ್ಯೂಬು ನೀಲಿಯಾಗಿಯೇ ಉಳಿಯಿತು. ಅವನ ಮುಖ ನೋಡಿಯೇ ಮೇಷ್ಟ್ರಿಗೆ ತಿಳಿಯಿತು.

"ಅಂಗಡಿ ಸಕ್ಕರೆ ಈ ದ್ರಾವಣಕ್ಕೆ ಗೊತ್ತಾಗಲ್ಲ ಕಣೋ. ಇದೇ ಪಾಠ ಮಾಡಿದ್ದು ಹೋದ ವಾರ. ಮೋಸ ಮಾಡಕ್ಕೂ ಓದಿರಬೇಕು."

"ಹಂಗಾದ್ರೆ ಯಾವ್ದು ಗೊತ್ತಾಗುತ್ತೆ ಸಾರ್?"

"ಜೇನುತುಪ್ಪ ಹಾಕಿ ನೋಡು. ಕೆಂಪಗಾಗುತ್ತೆ. ನಿನ್ನ ಕೆನ್ನೇನೂ ಅಷ್ಟೇ ಕೆಂಪಗೆ ಮಾಡ್ತೀನಿ."

ಇನ್ನು ಹುಡುಗಿಯರು ಸೀಸೆ ತರುವುದು ಬೇಡ, ನೋಡಿಕೊಂಡು ಬರೆದುಕೊಂಡರೆ ಸಾಕು ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವಳು ಎದ್ದು ನಿಂತು, "ಯಾಕೆ ಸಾರ್, ನಮ್ಮನೇಲಿ ಯಾರೂ ಇಲ್ವಾ? ನಾನೂ ತರ್ತೀನಿ" ಎಂದಳು. ಹುಡುಗರು ಬೆಂಚು ಬಡಿದರು.

ಮುಂದಿನ ವಾರ ತಂದಳು. ತಲೆಗೆ ಹಚ್ಚುವ ಎಣ್ಣೆಯ ಸೀಸೆ. ಬೂದಿ ಹಾಕಿ ತಿಕ್ಕಿ ತೊಳೆದಿದ್ದಳು. ಅದನ್ನು ತಂದೆಯಿಂದ ಹೇಗೆ ಕೇಳಿ ಪಡೆದಳು ಎಂದು ಗಾಡಿಯಲ್ಲಿ ನನಗೆ ನಗುತ್ತಾ ಹೇಳಿದ್ದಳು. "ಅಬ್ಬಾ ಮೊದಲು ಕೇಳಿಸ್ದೇ ಇರೋ ಥರ ಪಂಪು ಹೊಡೀತಾ ಕೂತಿದ್ರು. ಆಮೇಲೆ, ಇದಕ್ಕೇನಾ ನಾನು ಫೀಸು ಕಟ್ತಿರೋದು ಅಂದ್ರು. ಬೆಳಿಗ್ಗೆ ನೋಡಿದ್ರೆ ಸೀಸೆ ಹಿತ್ತಲ ಗೋಡೆ ಮೇಲಿತ್ತು, ಮೇಲೊಂದು ಬಟ್ಟೆ ಮುಚ್ಚಿ."

ನಮ್ಮ ಬೆಂಚಿನ ಸ್ಪಿರಿಟ್ ದೀಪ ಹೊತ್ತಿಸಿ, ಟ್ಯೂಬನ್ನು ಓರೆಯಾಗಿ ಹಿಡಿದು ಕಾಯಿಸಿದಳು. ನಾನು ಪಕ್ಕದಲ್ಲಿದ್ದೆ. ಕುದಿ ಬರುತ್ತಿದ್ದ ಹಾಗೆಯೇ ನೀಲಿ ಹೋಯಿತು. ಹಸಿರು, ಹಳದಿ ಎಂದು ನೋಡುವುದಕ್ಕೂ ಪುರುಸೊತ್ತಿರಲಿಲ್ಲ. ದಪ್ಪ ಕೆಂಪು ಗಸಿ ಬಂದು ನಿಂತಿತು. ಹಿಂದಿನ ಬೆಂಚಿನವನು ಇಣುಕಿ ನೋಡಿ ಕೂಗಿದ.

"ಸಾರ್, ಇಲ್ ನೋಡಿ! ಜೇನುತುಪ್ಪ ಹಾಕ್ಕೊಂಡ್ ಬಂದವ್ಳೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಅಂಥ ಕೆಲಸ ಮಾಡುವವಳೇ. ಮೇಷ್ಟ್ರು ಹತ್ತಿರ ಬಂದು, "ನೀನೂನಾ? ಎಷ್ಟು ಚಮಚ ಹಾಕ್ದೆ?" ಎಂದರು.

ಅವಳು ಟ್ಯೂಬನ್ನೇ ನೋಡುತ್ತಿದ್ದಳು. "ಏನೂ ಹಾಕಿಲ್ಲ ಸಾರ್. ನಮ್ಮಪ್ಪಂದು" ಎಂದಳು.

ನಗು ಒಂದೇ ಸಲಕ್ಕೆ ನಿಲ್ಲಲಿಲ್ಲ. ಮುಂದಿನ ಬೆಂಚಿನವರು ಮೊದಲು ಸುಮ್ಮನಾದರು, ಕೇಳಿಸದ ಹಿಂದಿನವರು ಇನ್ನೂ ಸ್ವಲ್ಪ ಹೊತ್ತು ನಗುತ್ತಿದ್ದರು. ಮೇಷ್ಟ್ರು ಬೇರೆ ಟ್ಯೂಬು ತೆಗೆದುಕೊಂಡು, ತಾವೇ ತೊಳೆದು, ತಾವೇ ಕಾಯಿಸಿದರು. ಅದೂ ಕೆಂಪಾಯಿತು. "ದ್ರಾವಣ ಹಳೇದಿರಬಹುದು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಬರಿಯ ನೀರು ಹಾಕಿ ಕಾಯಿಸಿದರು. ಅದು ನೀಲಿಯಾಗಿಯೇ ಉಳಿಯಿತು. "ಆಸ್ಪತ್ರೆಗೆ ಕರ್ಕೊಂಡು ಹೋಗಮ್ಮ. ಹೆದರಬೇಡ. ಈಗ ಇದಕ್ಕೆ ಔಷಧಿ ಇದೆ" ಎಂದರು.

ಸಂಜೆ ಬೀರೂರಿನಲ್ಲಿ ತರೀಕೆರೆಯ ಗಾಡಿ ಇನ್ನೂ ಬಂದಿರಲಿಲ್ಲ. ನನ್ನ ಗಾಡಿಗೂ ಹೊತ್ತಿತ್ತು. ಕಲ್ಲು ಬೆಂಚಿನ ಮೇಲೆ ಕೂತಿದ್ದೆವು. ಅವಳು ಒಂದೊಂದಾಗಿ ಹೇಳುತ್ತಾ ಹೋದಳು. ಅಬ್ಬಾ ಮಲಗುವಾಗ ಹೂಜಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ, ಬೆಳಿಗ್ಗೆ ಅದು ಖಾಲಿಯಾಗಿರುತ್ತದೆ. ಅಂಗಾಲು ಉರಿ ಎಂದು ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಬಚ್ಚಲಲ್ಲಿ ಇರುವೆ. "ಎಲ್ಲಾ ಕಣ್ಣಮುಂದೇನೇ ಇತ್ತು ಕಣೇ. ನಾನು ಎಂಥದೋ ಬಿಸಿಲಿಗೆ ಅಂದ್ಕೊಂಡಿದ್ದೆ."

ಎದ್ದು, ಹಳಿಯ ಕಡೆ ಬಗ್ಗಿ ನೋಡಿ, ಮತ್ತೆ ಬಂದು ಕೂತಳು.

"ಹೇಳಿದ್ರೆ ಫುಪ್ಪು ನನ್ನ ಕಾಲೇಜು ಬಿಡಿಸ್ತಾಳೆ" ಎಂದಳು.

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ನಿಂಗೊತ್ತಿಲ್ವಾ? ಮನೇಲಿ ಗಂಡಸಿಗೆ ಇಂಥ ಕಾಯ್ಲೆ ಅಂದ್ರೆ ಮೊದಲು ಮಗಳ ಮದ್ವೆ ಮಾಡ್ತಾರೆ. ಇವತ್ತು ಹೇಳ್ದೆ ಅಂದ್ಕೋ, ನಾಳೆ ಲಕ್ಕವಳ್ಳಿಗೆ ಜನ ಕಳಿಸ್ತಾಳೆ."

ನನಗೆ ಗೊತ್ತಿತ್ತು. ನಮ್ಮ ಮನೆಗಳಲ್ಲೂ ಅದೇ ಪದ್ಧತಿ. ಅಪ್ಪನ ಕಣ್ಣ ಮುಂದೆ ಧಾರೆಯಾಗಲಿ ಎಂದು ಹದಿನೈದು ದಿನದಲ್ಲಿ ಮದುವೆ ಮುಗಿಸಿದ್ದನ್ನು ನಾನೇ ಕಂಡಿದ್ದೆ. "ಮಾರ್ಚಿಗೆ ಪರೀಕ್ಷೆ. ಅಲ್ಲೀವರೆಗೆ ಸುಮ್ನಿರು. ಇಷ್ಟು ದಿನ ಇದ್ದ ಕಾಯ್ಲೆ, ಇನ್ನು ನಾಕು ತಿಂಗಳು" ಎಂದೆ.

ಅವಳು ನನ್ನ ಕಡೆ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. "ನೀನು ಆ ಟ್ಯೂಬ್ ನೋಡಿದ್ಯಲ್ಲ" ಎಂದಳು, ಅಷ್ಟೇ. ಅಷ್ಟರಲ್ಲಿ ಅವಳ ಗಾಡಿ ಬಂತು.

ಆ ರಾತ್ರಿಯೇ ತಂದೆಗೆ ಹೇಳಿದಳಂತೆ. ತಂದೆ ಮರುದಿನ ಅಂಗಡಿ ತೆರೆಯದೆ ಆಸ್ಪತ್ರೆಗೆ ಹೋದರು. ಡಾಕ್ಟರೂ ಅದನ್ನೇ ಹೇಳಿದರು. ಸಕ್ಕರೆ ಕಾಯಿಲೆ, ಜೋರಾಗಿದೆ. ದಿನಾ ಮಾತ್ರೆ, ಅನ್ನ ಕಡಿಮೆ, ಸಿಹಿ ಮುಟ್ಟುವ ಹಾಗಿಲ್ಲ. ಇನ್ನಷ್ಟು ತಡವಾಗಿದ್ದರೆ ಕಷ್ಟವಾಗುತ್ತಿತ್ತು, ಯಾರು ನೋಡಿ ಹೇಳಿದ್ದು ಎಂದು ಕೇಳಿದರಂತೆ. "ನನ್ನ ಮಗಳು" ಎಂದು ತಂದೆ ಹೇಳಿದ್ದನ್ನು ಅವಳೇ ನನಗೆ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನನಗೆ ಈಗಲೂ ಕಾಣುತ್ತದೆ.

ಮಿಕ್ಕದ್ದು ಅವಳು ಅಂದುಕೊಂಡ ಹಾಗೆಯೇ ಆಯಿತು. ಫುಪ್ಪು ಊಟ ಬಿಟ್ಟು ಅತ್ತರು. ತಮ್ಮನ ಕಣ್ಣು ಮುಚ್ಚುವ ಮೊದಲು ನಿಕಾಹ್ ಆಗಬೇಕು ಎಂದು ಹಟ ಹಿಡಿದರು. ಅವರನ್ನು ಬೈದು ನಾನು ಬರೆಯಲಾರೆ. ಅವರ ಗಂಡ ಒಂದು ದಿನ ಎದೆ ನೋವು ಎಂದು ಮಲಗಿ ಏಳದೆ ಹೋಗಿದ್ದರು. ಮನೆಯ ಗಂಡಸು ಹೋದರೆ ಹೆಂಗಸಿಗೆ ಏನಾಗುತ್ತದೆ ಎಂದು ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಲಕ್ಕವಳ್ಳಿಯವರು ಒಪ್ಪಿದರು. ಹುಡುಗನಿಗೆ ಕ್ವಾರ್ಟರ್ಸ್ ಸಿಕ್ಕಿತ್ತು. ಬೇಗ ಆಗಲಿ ಎಂದು ಅವರೂ ಅಂದರು.

ಕಾಲೇಜಿನಲ್ಲಿ ತಿಳಿದಾಗ ಮೇಷ್ಟ್ರು ನನ್ನನ್ನು ಕರೆದು ವಿಳಾಸ ಕೇಳಿದರು. ಭಾನುವಾರ ತರೀಕೆರೆಗೆ ಹೋಗುತ್ತೇನೆ, ನೀನೂ ಬಾ ಎಂದರು. ನಮ್ಮಪ್ಪ ಒಬ್ಬಳನ್ನೇ ಕಳಿಸಲು ಒಪ್ಪದೆ ತಾವೂ ಬಂದರು. ಮೂವರೂ ಸೈಕಲ್ ಶಾಪಿನ ಮುಂದೆ ನಿಂತೆವು. ಅವಳ ತಂದೆ ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಚಕ್ರ ತಿರುಗಿಸಿ ಡೊಂಕು ನೋಡುತ್ತಿದ್ದರು. ಎದ್ದು, ಕೈ ಒರೆಸಿಕೊಂಡು, ಒಳಗಿನಿಂದ ಎರಡು ಸ್ಟೂಲು ತಂದು ಹಾಕಿದರು. ಮೇಷ್ಟ್ರು ಕೂರಲಿಲ್ಲ.

"ಮದುವೆ ಮಾಡಿ, ಬೇಡ ಅನ್ನಲ್ಲ. ಮಾರ್ಚ್ ದಾಟಲಿ. ಇಂಥ ಸ್ಟೂಡೆಂಟ್ ನನಗೆ ಮತ್ತೆ ಸಿಗಲ್ಲ" ಎಂದರು.

ಅವಳ ತಂದೆ ಸೈಕಲ್ಲಿನ ಚಕ್ರದ ಮೇಲೆ ಕೈಯಿಟ್ಟು ನಿಂತರು. ಆಮೇಲೆ, "ಮೇಷ್ಟ್ರೇ, ಆ ಟೆಸ್ಟು ಮಾಡಿದ್ದು ಅವಳೇ. ನೀವು ಕಲಿಸಿದ್ದು, ಅವಳು ಮಾಡಿದ್ದು. ಅದನ್ನ ನಾನು ನಂಬಬೇಕೋ ಬೇಡ್ವೋ?" ಎಂದು ಕೇಳಿದರು.

"ನಂಬಬೇಕು. ಟೆಸ್ಟು ಸರಿಯಾಗಿದೆ."

"ನಂಬಿದೆ ಅಂತಲೇ ಮದ್ವೆ ಮಾಡ್ತಿರೋದು. ಇಲ್ಲಾಂದ್ರೆ ನಾನು ಚೆನ್ನಾಗೇ ಇದೀನಲ್ಲ, ಇನ್ನೂ ಎರಡು ವರ್ಷ ಓದ್ಲಿ ಬಿಡಿ ಅಂತಿದ್ದೆ."

ಈ ಕಾಯಿಲೆಯಿಂದ ಈಗ ಯಾರೂ ಹಾಗೆ ಸಾಯುವುದಿಲ್ಲ, ಮಾತ್ರೆ ತಗೊಂಡರೆ ಬಹಳ ವರ್ಷ ಇರಬಹುದು ಎಂದು ಮೇಷ್ಟ್ರು ಏನೋ ಹೇಳಿದರು. "ಬಹಳ ವರ್ಷ ಅಂತ ಬರ್ಕೊಡ್ತೀರಾ?" ಎಂದು ಅವಳ ತಂದೆ ನಕ್ಕರು. ನಕ್ಕರೂ ಕಣ್ಣು ಒದ್ದೆಯಾಗಿತ್ತು. ನಮ್ಮಪ್ಪ, "ಅವ್ರು ಹೇಳೋದ್ರಲ್ಲೂ ನ್ಯಾಯ ಇದೆ ಬಿಡಿ ಸ್ವಾಮಿ" ಎಂದುಬಿಟ್ಟರು. ವಾಪಸ್ಸು ಬರುವಾಗ ಗಾಡಿಯಲ್ಲಿ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮದುವೆಗೆ ನಾನು ಹೋಗಿದ್ದೆ. ಜೊತೆಗೆ ಬಂದಿದ್ದ ನಮ್ಮಪ್ಪ ಅಲ್ಲಿ ಬಾಳೆಹಣ್ಣು, ಎಳನೀರು ಮಾತ್ರ ತೆಗೆದುಕೊಂಡರು. ಒಳಗೆ ಅವಳು ಕೈಗೆ ಮೆಹಂದಿ ಹಚ್ಚಿಕೊಂಡು, ತಲೆ ಬಗ್ಗಿಸಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತಾಗ ಮುಸುಕಿನೊಳಗಿಂದಲೇ, "ಅಳಬೇಡ್ವೇ, ನೀನತ್ರೆ ನಾನೂ ಅಳ್ತೀನಿ, ಮೆಹಂದಿ ಕೈ, ಒರೆಸ್ಕೊಳ್ಳಕ್ಕೂ ಆಗಲ್ಲ" ಎಂದಳು. ಅತ್ತಿದ್ದು ಫುಪ್ಪು. ಅಷ್ಟು ಹಟ ಹಿಡಿದು ಮದುವೆ ಮಾಡಿಸಿದವರು ಅವಳನ್ನು ಕಳಿಸಿಕೊಡುವಾಗ ಬಾಗಿಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

ಅವಳ ಗಂಡ ಒಳ್ಳೆಯವನು. ಅದನ್ನು ಹೇಳಲೇಬೇಕು. ನಾಲ್ಕು ಮಕ್ಕಳಾದರು. ಅಣೆಕಟ್ಟಿನ ಕಾಲೋನಿಯಲ್ಲಿ ಬಹಳ ವರ್ಷ ಇದ್ದು, ಆಮೇಲೆ ತರೀಕೆರೆಗೆ ಬಂದರು. ಆದರೆ ಮೈಸೂರಿನ ಮಾತು, ಕಾಲೇಜಿನ ಮಾತು, ಅವಳು ಯಾರ ಮುಂದೆಯೂ ತೆಗೆಯಲಿಲ್ಲ. ಕಲಿತದ್ದರಲ್ಲಿ ಒಂದನ್ನು ಮಾತ್ರ ಬಿಡಲಿಲ್ಲ. ತವರಿಗೆ ಬಂದಾಗಲೆಲ್ಲ ತಂದೆಯ ಮೂತ್ರ ಕಾಯಿಸಿ ನೋಡುತ್ತಿದ್ದಳು. ಆಸ್ಪತ್ರೆಯ ಕಾಂಪೌಂಡರ್ ಕೈಯಲ್ಲಿ ನೀಲಿ ದ್ರಾವಣ ತರಿಸಿಟ್ಟುಕೊಂಡಿದ್ದಳು. ಕ್ರಮೇಣ ತಂದೆಗೇ ಕಲಿಸಿಬಿಟ್ಟಳು. ಅವರು ಅಂಗಡಿಯ ಹಿಂದುಗಡೆ ಸ್ಪಿರಿಟ್ ದೀಪದ ಮೇಲೆ ಟ್ಯೂಬು ಹಿಡಿದು ಕಾಯಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. "ಪಂಕ್ಚರ್ ಹಾಕೋನಿಗೆ ಇದ್ಯಾವ ಮಹಾ" ಎನ್ನುತ್ತಿದ್ದರು. ಹಸಿರು ಬಂದ ದಿನ, "ಇವತ್ತು ಅರ್ಧ ಲೋಟ ಟೀಗೆ ಪರ್ಮಿಷನ್" ಎಂದು ಎದುರಿನ ಹೋಟೆಲಿಗೆ ಕೂಗುತ್ತಿದ್ದರು.

ನಾನು ಆ ವರ್ಷ ಒಬ್ಬಳೇ ಬೆಂಚಿನಲ್ಲಿ ನಿಂತು ಮಿಕ್ಕ ಪ್ರಾಕ್ಟಿಕಲ್ ಮುಗಿಸಿದೆ. ಮಾರ್ಚಿನಲ್ಲಿ ಪಾಸಾದೆ, ಹೆಚ್ಚೇನಲ್ಲ. ಡಿಗ್ರಿಯೂ ಆಯಿತು. ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಅನ್ನ ಶಕ್ತಿ ಕೊಡುತ್ತದೆ, ಬೇಳೆ ಮೈ ಬೆಳೆಸುತ್ತದೆ ಎನ್ನುವಷ್ಟೇ ಆ ಮಕ್ಕಳಿಗೆ ಬೇಕಿತ್ತು. ಅಷ್ಟನ್ನೇ ಹೇಳಿಕೊಂಡು ಬಂದೆ. ಕಲಿತ ಮಿಕ್ಕದ್ದೆಲ್ಲ ಎಲ್ಲಿ ಹೋಯಿತೋ ತಿಳಿಯದು. ನನ್ನ ಬದಲು ಅವಳು ಆ ಪರೀಕ್ಷೆ ಬರೆದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಯಾರ ಬದಲು ಯಾರೂ ಬರೆಯಲಾಗುವುದಿಲ್ಲ, ಅದು ನನಗೂ ಗೊತ್ತು.

ಅವಳ ತಂದೆ ಮತ್ತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದರು. ಫುಪ್ಪುವೇ ಅವರಿಗಿಂತ ಮೊದಲು ಹೋದರು. ಒಂದು ಸಲ ಏನೋ ಇಲಾಖೆಯ ಕೆಲಸಕ್ಕೆ ತರೀಕೆರೆಗೆ ಹೋದವಳು ಬಸ್ಸಿಗೆ ಕಾಯುತ್ತಾ ಅವರ ಅಂಗಡಿಯಲ್ಲಿ ಕೂತಿದ್ದೆ. ಆಗ ಅವರಿಗೆ ವಯಸ್ಸಾಗಿತ್ತು, ಕೆಲಸವನ್ನು ಅಳಿಯನ ತಮ್ಮ ನೋಡಿಕೊಳ್ಳುತ್ತಿದ್ದ. ಎಳೆಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಮಳೆ, ಬೆಳೆ ಎಂದು ಮಾತಾಡುತ್ತಿದ್ದವರು ನಡುವೆ ನಿಲ್ಲಿಸಿ ಹೇಳಿದರು:

"ನಾನು ಸಾಯ್ತೀನಿ ಅಂತ ಅವಳ ಓದು ಬಿಡಿಸ್ದೆ ಕಣಮ್ಮ. ನೋಡು, ಸಾಯ್ಲೇ ಇಲ್ಲ."

"ಅವಳೇ ಅಲ್ವಾ ನಿಮ್ಮನ್ನ ಉಳಿಸಿದ್ದು" ಎಂದೆ.

"ಅದೇ ಅಮ್ಮ. ಅದನ್ನೇ ಹೇಳ್ತಿರೋದು" ಎಂದರು. ಬಸ್ಸು ಬಂತು ಎಂದು ಹುಡುಗರು ಕೂಗಿದರು. ಎದ್ದು ಬಂದೆ.

ಅವಳಿಗೂ ಕೊನೆಗೆ ತಂದೆಯ ಕಾಯಿಲೆಯೇ ಬಂತು. ಕಣ್ಣು ಮಂಜಾಯಿತು, ಆಮೇಲೆ ಕಾಲು ಸೋತಿತು. ಕಳೆದ ಚಳಿಗಾಲದಲ್ಲಿ ನೋಡಲು ಹೋಗಿದ್ದೆ. ಸೊಸೆ ಹೊರಗಿದ್ದಳು. ನಾವಿಬ್ಬರೇ ಇದ್ದೆವು. ಅದೂ ಇದೂ ಮಾತಾಡಿದ ಮೇಲೆ ಅವಳು ಕೇಳಿದಳು:

"ನಾನು ಬಿಟ್ಟ ಮೇಲೆ ಮೊದಲನೇ ಕ್ಲಾಸು ಏನು ಮಾಡಿದ್ರೇ?"

ಅರವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. "ಇಷ್ಟು ದಿನ ಯಾಕೆ ಕೇಳಲಿಲ್ಲ?" ಎಂದೆ.

"ಕೇಳಿದ್ರೆ ನೀನು ಬೇಜಾರು ಮಾಡ್ಕೋತಿದ್ದೆ. ಈಗ ಇಬ್ರಿಗೂ ವಯಸ್ಸಾಯ್ತಲ್ಲ. ರಕ್ತಕ್ಕೆ ಸಕ್ಕರೆ ಬರೋವರೆಗೂ ನಾನಿದ್ದೆ. ಆಮೇಲಿಂದು ಹೇಳು."

ನೆನಪು ಮಾಡಿಕೊಂಡೆ. ಆ ದಿನ ನೆನಪಿಗೆ ಬಂತು. ನಾನು ಬೆಂಚಿನಲ್ಲಿ ಒಬ್ಬಳೇ ಕೂತದ್ದು, ಮೇಷ್ಟ್ರು ಬೋರ್ಡಿನ ತುಂಬ ಬಾಣದ ಗುರುತು ಹಾಕಿ ಬರೆದದ್ದು, ಹೊರಗೆ ಪಕ್ಕದ ಗೋಡೌನಿಗೆ ಲಾರಿಯಿಂದ ಕೊಬ್ಬರಿ ಮೂಟೆ ಇಳಿಸುತ್ತಿದ್ದ ಸದ್ದು. ಬೋರ್ಡಿನ ಮೇಲೆ ಇದ್ದದ್ದೇನು ಎಂದು ಮಾತ್ರ ಬರಲಿಲ್ಲ.

"ನಾನವತ್ತು ಕೇಳಿಸ್ಕೊಳ್ಳಲಿಲ್ಲ ಕಣೇ. ಬಾಗಿಲ ಕಡೆ ನೋಡ್ತಾ ಕೂತಿದ್ದೆ. ನಿನ್ನ ಗಾಡಿ ಲೇಟಾಗಿರಬಹುದು ಅಂತ."

ಅವಳು ನಕ್ಕಳು. "ಸರಿ ಬಿಡು. ಹಂಗಾದ್ರೆ ಇಬ್ರೂ ಫೇಲು" ಎಂದಳು. ಕೆಮ್ಮು ಬರುವ ತನಕ ನಕ್ಕಳು. ಸೊಸೆ ಬಂದು ಏನಾಯಿತು ಎಂದು ಕೇಳಿದಾಗ ಇಬ್ಬರೂ ಹೇಳಲಿಲ್ಲ.

ಮನೆಗೆ ಬಂದು ಪಕ್ಕದ ಮನೆಯ ಹುಡುಗಿಯ ಪುಸ್ತಕ ಇಸಕೊಂಡೆ. ಅವಳೂ ಇದನ್ನೇ ಓದುತ್ತಿದ್ದಾಳೆ, ಚಿಕ್ಕಮಗಳೂರಿಗೆ ಹೋಗಿಬಂದು. ಕನ್ನಡಕ ಹಾಕಿಕೊಂಡು, ಒಂದೊಂದು ಪುಟ ಎರಡೆರಡು ಸಲ ಓದಿದೆ. ಮುಂದಿನ ಸಲ ಹೋದಾಗ ಹೇಳೋಣ ಎಂದಿದ್ದೆ. ಮುಂದಿನ ಸಲ ಹೋದದ್ದು ಚಾಪೆಯ ಮೇಲೆ ಕೂತು ಬರುವುದಕ್ಕೆ.

ಅವಳು ಕೇಳಿದ ಪಾಠ ಇಷ್ಟೇ. ರಕ್ತದಿಂದ ಸಕ್ಕರೆ ಮೈಯ ಒಂದೊಂದು ಜೀವಕೋಶದ ಒಳಗೆ ಹೋಗುತ್ತದೆ. ಅಲ್ಲಿ ಅದು ಒಲೆಯ ಸೌದೆಯ ಹಾಗೆ ಧಗ್ಗೆಂದು ಉರಿಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತದೆ, ಒಡೆದಾಗಲೆಲ್ಲ ಒಂದಿಷ್ಟು ಕಾವು, ಒಂದಿಷ್ಟು ಕಸುವು ಬಿಟ್ಟುಕೊಡುತ್ತದೆ. ಅದರಿಂದಲೇ ನಾವು ನಡೆಯುವುದು, ಮಾತಾಡುವುದು, ನಗುವುದು. ಎಲ್ಲ ಮುಗಿದ ಮೇಲೆ ಉಳಿಯುವುದು ನೀರು, ಮತ್ತು ನಾವು ಹೊರಗೆ ಬಿಡುವ ಉಸಿರು. ನಡುವೆ ಕೆಲವು ಆಮ್ಲಗಳ ಹೆಸರುಗಳನ್ನು ಸಾಲಾಗಿ ನೆನಪಿಟ್ಟುಕೊಳ್ಳಬೇಕು. ಅದು ನನಗೆ ಆಗಲೂ ಕಷ್ಟವಾಗಿತ್ತು, ಈಗಲೂ ಕಷ್ಟವೇ. ಅವಳಿಗೆ ಕಷ್ಟವಾಗುತ್ತಿರಲಿಲ್ಲ.